ಅಮ್ಮ ಮೆಚ್ಚಿದ ದನಿ

ನನ್ನ ಮೊದಲ ಆಲ್ಬಮ್ ಹೊರಬಂದು ಏಳು ತಿಂಗಳಾಯಿತು. ಎಂಟು ಹಾಡು, ಎಂಟೂ ಕನ್ನಡದವು. ಬರೆದವಳು, ರಾಗ ಕಟ್ಟಿದವಳು, ಹಾಡಿದವಳು ನಾನೇ. ಕೇಳಿದವರ ಸಂಖ್ಯೆ ಹೇಳಿಕೊಳ್ಳುವಂಥದ್ದೇನಲ್ಲ. ಆಫೀಸಿನಲ್ಲಿ ಯಾರಾದರೂ ಹೇಗೆ ಶುರುವಾಯಿತು ಎಂದು ಕೇಳಿದರೆ 'ಚಿಕ್ಕಂದಿನ ಕನಸು' ಎಂದಷ್ಟೇ ಹೇಳಿ ಚಹಾದ ಲೋಟ ಎತ್ತುತ್ತೇನೆ. ಅದು ನಿಜವೇ. ಆದರೆ ಆ ಕನಸಿಗೂ ಈ ಆಲ್ಬಮ್ಮಿಗೂ ನಡುವೆ ನಾಲ್ಕು ವರ್ಷ ಬಾಳಿದ ಒಂದು ಸುಳ್ಳಿದೆ. ಹೇಳಿದ್ದು ನಾನು, ನಂಬಿದ್ದು ಅಮ್ಮ. ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹೇಳಿದರೆ ಬರೀ ಬೊಗಳೆಯಾಗುತ್ತದೆ.

ಅಪ್ಪನಿಗೆ ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಕೆಲಸ. ಕಾಸರಗೋಡಿನವರು, ನಾನು ಹುಟ್ಟುವ ಮೊದಲೇ ವರ್ಗವಾಗಿ ತಿರುವನಂತಪುರಕ್ಕೆ ಬಂದು ಇಲ್ಲಿಯೇ ಉಳಿದರು. ತಂಪಾನೂರ್ ಸ್ಟೇಷನ್ನಿನ ಹಿಂಬದಿಯ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಓಣಿಯಲ್ಲಿ ನಮ್ಮದನ್ನು ಬಿಟ್ಟು ಹನ್ನೊಂದು ಮನೆ, ಹನ್ನೊಂದೂ ಮಲಯಾಳಿಗಳವು. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಆ ಹನ್ನೊಂದು ಮನೆಯ ಹೆಂಗಸರ ತೋಳಿನ ಸುತ್ತಳತೆ ಅವಳಿಗೆ ಬಾಯಿಪಾಠ. ಮುಂದಿನ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಗೋಡೆಯ ಹಲಗೆಯ ಮೇಲೆ ಒಂದು ರೇಡಿಯೋ. ನನ್ನ ಬಾಲ್ಯವೆಂದರೆ ಈ ಮೂರು.

ರೇಡಿಯೋ ದಿನವಿಡೀ ಹಾಡುತ್ತಿತ್ತು, ಮಿಷನ್ ದಿನವಿಡೀ ಓಡುತ್ತಿತ್ತು. ಯಾವುದಾದರೂ ಹಾಡು ತುಂಬ ಚೆನ್ನಾಗಿದ್ದರೆ ಮಾತ್ರ ಅಮ್ಮನ ಕಾಲು ನಿಲ್ಲುತ್ತಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಸೂಜಿ ಅರ್ಧ ಹೊಲಿಗೆಯಲ್ಲಿ ನಿಂತಿರುತ್ತಿತ್ತು, ಹಾಡು ಮುಗಿದ ಮೇಲೆ ಮತ್ತೆ ಚಕ್ರ ತಿರುಗುತ್ತಿತ್ತು. ಒಂಬತ್ತು ವರ್ಷದವಳಿದ್ದಾಗ ನನಗೆ ಬಂದ ಆಸೆ ಇಷ್ಟೇ: ಆ ಪೆಟ್ಟಿಗೆಯಿಂದ ಒಂದು ದಿನ ನನ್ನ ದನಿ ಬರಬೇಕು, ಅಮ್ಮನ ಕಾಲು ನಿಲ್ಲಬೇಕು. ಸಭೆ, ಹಾರ, ಚಪ್ಪಾಳೆ ಇದ್ಯಾವುದೂ ಆ ಆಸೆಯೊಳಗೆ ಇರಲಿಲ್ಲ.

ಅಮ್ಮ ಕನ್ನಡದಲ್ಲಿ ಮಾತಾಡಿದರೆ ನಾನು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದೆ. ಇಲ್ಲಿ ಬೆಳೆದ ನಮ್ಮ ಮಕ್ಕಳೆಲ್ಲ ಹೀಗೆಯೇ. ಕನ್ನಡ ನನ್ನ ನಾಲಗೆಗೆ ಬಂದದ್ದು ಶಾಲಾ ಕಲೋತ್ಸವದಿಂದ. ಕೇರಳದ ಕಲೋತ್ಸವದಲ್ಲಿ ಕನ್ನಡ ಪದ್ಯ ಹೇಳುವ ಸ್ಪರ್ಧೆಯೂ ಇರುತ್ತದೆ. ತಿರುವನಂತಪುರದ ಶಾಲೆಗಳಲ್ಲಿ ಕನ್ನಡದ ಮಕ್ಕಳು ಸಿಗಬೇಕಲ್ಲ? ಮಲಯಾಳಿ ಮಕ್ಕಳೇ ಪದ್ಯವನ್ನು ಮಲಯಾಳ ಅಕ್ಷರದಲ್ಲಿ ಬರೆದುಕೊಂಡು ಉರು ಹೊಡೆದು ಬಂದು ಹೇಳಿ ಹೋಗುತ್ತಾರೆ. ಏಳನೇ ತರಗತಿಯಲ್ಲಿ ನಮ್ಮ ಶಾಲೆಯವರು ನನ್ನನ್ನು ಕಳಿಸಿದರು. ನಾನೂ ಎಲ್ಲರ ಹಾಗೆ ಮಲಯಾಳ ಅಕ್ಷರದಲ್ಲಿ ಬರೆದು ತಂದೆ. ಅಮ್ಮ ಆ ಹಾಳೆ ನೋಡಿದಳು.

"ಇದೆಂತದು? ನಾಚಿಕೆ ಆಗುದಿಲ್ವಾ ನಿಂಗೆ? ಊರಿನವರು ನೋಡಿದ್ರೆ ಎಂತ ಹೇಳಿಯಾರು?"

ಊರಿನವರು ಆರುನೂರು ಕಿಲೋಮೀಟರ್ ದೂರದಲ್ಲಿದ್ದರು. ಆದರೂ ಅಮ್ಮ ಹಾಳೆ ಹರಿದಳು. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಕತ್ತರಿಸುವ ಮೇಜಿನ ಮೇಲೆ ಅ ಆ ಇ ಈ ಬರೆದು ಕಲಿಸಿದಳು. ತಪ್ಪಿದರೆ ಅಳತೆ ಟೇಪಿನಿಂದ ಮೊಣಕೈಗೆ ಒಂದು ಬೀಳುತ್ತಿತ್ತು. ನನಗೂ ಮೂಗಿನ ತುದಿಯಲ್ಲೇ ಕೋಪ, ಟೇಪು ಕಸಿದು ಕಿಟಕಿಯಿಂದ ಆಚೆ ಎಸೆದದ್ದೂ ಇದೆ. ಆ ವರ್ಷ ನನಗೆ ಎ ಗ್ರೇಡ್ ಬಂತು. ತೀರ್ಪುಗಾರರಲ್ಲಿ ಒಬ್ಬರು ಕರೆದು ಹೇಳಿದರು, "ಉಚ್ಚಾರಣೆ ಬಹಳ ಸ್ವಚ್ಛ. ದನಿ ಮಾತ್ರ ಸ್ವಲ್ಪ ದಪ್ಪ ನಿಂದು." ಶಾಲೆಯ ಸಂಗೀತದ ಟೀಚರೂ ಅದನ್ನೇ ಹೇಳಿ ನನ್ನನ್ನು ಪ್ರಾರ್ಥನೆಯ ಕೊನೆಯ ಸಾಲಿಗೆ ಹಾಕಿದ್ದರು. ಹಾಡುವ ಹುಡುಗಿಯರಿಗೆ ತೆಳ್ಳಗಿನ ದನಿ ಇರಬೇಕು ಎನ್ನುವುದು ಆಗಿನ ನಂಬಿಕೆ. ಈಗಲೂ ಅದೇನು ಹೆಚ್ಚು ಬದಲಾಗಿಲ್ಲ.

ಓದು ಮುಗಿಯಿತು, ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸ ಸಿಕ್ಕಿತು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಸ್ವಭಾವಕ್ಕೆ ಹೊಂದಿತು. ಅಲ್ಲಿಯ ಕನ್ನಡದ ಗೆಳತಿಯೊಬ್ಬಳು ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಹೇಳಿದಳು, "ಕೊಚ್ಚಿಯಲ್ಲಿ ಒಂದು ಸ್ಟುಡಿಯೋದವ್ರಿಗೆ ಕನ್ನಡ ಹಾಡೋರು ಬೇಕಂತೆ ಕಣೇ. ನಂಗೆ ಫೋನ್ ಮಾಡಿದ್ರು. ನಾನ್ ಹಾಡಿದ್ರೆ ಅವರ ಮೈಕು ಸುಟ್ಟೋಗತ್ತೆ, ನೀನ್ ಹೋಗು."

ಮುಂದಿನ ಶನಿವಾರ ಬೆಳಗಿನ ಟ್ರೇನಿಗೆ ಹೋದೆ. ಎರ್ನಾಕುಲಂ ನಾರ್ತಿನಲ್ಲಿ ಇಳಿದು ಕಲೂರಿನ ಕಡೆಗೆ ನಡೆದರೆ ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆ ಸ್ಟುಡಿಯೋ. ಅದನ್ನು ನಡೆಸುತ್ತಿದ್ದ ಸೌಂಡ್ ಎಂಜಿನಿಯರನ್ನು ಎಲ್ಲರೂ ಚೇಟ್ಟ ಎಂದು ಕರೆಯುತ್ತಿದ್ದರು, ಅಂದರೆ ಅಣ್ಣ. ನಾನೂ ಹಾಗೇ ಕರೆದೆ. ನಮ್ಮ ಮಾತೆಲ್ಲ ಮಲಯಾಳದಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಲಯಾಳದ ಸಿನಿಮಾಗಳು ಕನ್ನಡಕ್ಕೆ ಡಬ್ ಆಗುವಾಗ ಹಾಡುಗಳೂ ಕನ್ನಡವಾಗಬೇಕು. ಮುಖ್ಯ ಗಾಯಕಿ ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಇರುತ್ತಾರೆ, ಅವರಿಗೆ ಹಾಡು ಕಲಿಯಲು ಸಮಯವಿರುವುದಿಲ್ಲ. ಆದ್ದರಿಂದ ಮೊದಲು ಬೇರೊಬ್ಬಳು ಪೂರ್ತಿ ಹಾಡನ್ನು ಹಾಡಿ ಕಳಿಸಬೇಕು. ಅದಕ್ಕೆ ಟ್ರ್ಯಾಕ್ ಎನ್ನುತ್ತಾರೆ. ಮುಖ್ಯ ಗಾಯಕಿ ಅದನ್ನು ಕಿವಿಯಲ್ಲಿ ಕೇಳುತ್ತ ತನ್ನ ದನಿ ಹಾಕುತ್ತಾಳೆ. ಆಮೇಲೆ ಟ್ರ್ಯಾಕಿನ ದನಿಯನ್ನು ಅಳಿಸುತ್ತಾರೆ.

"ಭಾವ ಹಾಕಬೇಡ ಮೋಳೇ," ಅಂದರು ಚೇಟ್ಟ ಮೊದಲ ದಿನವೇ, ಮೋಳೇ ಅಂದರೆ ಮಗಳೇ. "ನೀನು ಭಾವ ಹಾಕಿದರೆ ಅವರಿಗೆ ಜಾಗ ಇರುವುದಿಲ್ಲ. ಸ್ವರ ಸರಿ, ಅಕ್ಷರ ಸರಿ, ಉಸಿರು ಎಲ್ಲಿ ತೆಗೆಯಬೇಕು ಅಂತ ತೋರಿಸು. ಸಾಕು."

ಕಲೋತ್ಸವದಲ್ಲಿ ಪದ್ಯ ಹೇಳಿದವಳಿಗೆ ಇದು ನೀರು ಕುಡಿದಷ್ಟು ಸುಲಭ. ಒಂದು ಗಂಟೆಯಲ್ಲಿ ಮುಗಿಸಿದೆ. ಹೊರಡುವಾಗ ಕೇಳಿದೆ, "ನನ್ನ ದನಿ ಉಳಿಯುವ ಸಾಧ್ಯತೆ ಏನೂ ಇಲ್ಲವಾ?" ಚೇಟ್ಟ ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಅನ್ನಲು ಬರುವುದಿಲ್ಲ. "ಕೆಲವೊಮ್ಮೆ ಟ್ರ್ಯಾಕನ್ನೇ ಇಡುತ್ತಾರೆ, ನೋಡೋಣ," ಅಂದರು.

ಅಷ್ಟು ಸಾಕಾಯಿತು ನನಗೆ. ಮನೆಗೆ ಬಂದವಳೇ, "ಅಮ್ಮಾ, ನನ್ನ ಹಾಡು ಸಿನಿಮಾದಲ್ಲಿ ಬರ್ತದೆ," ಅಂದುಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಅಮ್ಮ ಕುಲಾವಿ ಹೊಲಿದು ಊರಿಗೆಲ್ಲ ಹಂಚಿದಳು. ರವಿಕೆಯ ಅಳತೆ ಕೊಡಲು ಬಂದವರಿಗೆಲ್ಲ ಅದೇ ಸುದ್ದಿ.

ಎರಡು ತಿಂಗಳ ಮೇಲೆ ಹಾಡು ಯೂಟ್ಯೂಬಿಗೆ ಬಂತು. ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಎದುರು ಮನೆಯ ನಿವೃತ್ತ ಟೀಚರ್ ಮತ್ತು ಇನ್ನೂ ನಾಲ್ಕು ಮನೆಯ ಹೆಂಗಸರು ಬಂದು ಕತ್ತರಿಸುವ ಮೇಜಿನ ಸುತ್ತ ಕೂತಿದ್ದರು. ಅಪ್ಪ ಬಾಗಿಲ ಬಳಿ ಪೇಪರ್ ಹಿಡಿದು ನಿಂತಿದ್ದರು. ನಾನೂ ಆಗಲೇ ಮೊದಲ ಸಲ ಕೇಳುವುದು. ಅಮ್ಮ ಮಿಷನ್ ತುಳಿಯುತ್ತಲೇ, "ಹಾಕು, ಹಾಕು," ಅಂದಳು.

ಹಾಕಿದೆ. ಮೊದಲ ಸಾಲಿಗೇ ಗೊತ್ತಾಯಿತು, ಅದು ನಾನಲ್ಲ. ತೆಳ್ಳಗೆ, ಸಿಹಿಯಾಗಿ, ಯಾವ ಕಷ್ಟವೂ ಇಲ್ಲದೆ ಮೇಲಿನ ಸ್ವರ ಮುಟ್ಟುವ ದನಿ. ಆದರೆ ಒಂದು ವಿಚಿತ್ರವಿತ್ತು. ನಾನು ಉಸಿರು ತೆಗೆದ ಕಡೆಯಲ್ಲೇ ಅವರೂ ಉಸಿರು ತೆಗೆದಿದ್ದರು. ನಾನು ಒಂದು ಅಕ್ಷರವನ್ನು ಸ್ವಲ್ಪ ಎಳೆದಿದ್ದೆ, ಅವರೂ ಅಲ್ಲೇ ಎಳೆದಿದ್ದರು. ನಾನು ಕತ್ತರಿಸಿಟ್ಟ ಬಟ್ಟೆಯನ್ನು ಬೇರೆಯವರು ತೊಟ್ಟ ಹಾಗಿತ್ತು. ನಾನು ಅದನ್ನೇ ಯೋಚಿಸುತ್ತಿದ್ದಾಗ ಮಿಷನ್ನಿನ ಸದ್ದು ನಿಂತಿತು. ಅಮ್ಮನ ಕಾಲು ನಿಂತಿತ್ತು.

"ಸ್ಟುಡಿಯೋದಲ್ಲಿ ಸ್ವರವನ್ನು ಎಷ್ಟು ಚಂದ ಮಾಡ್ತಾರೆ ನೋಡಿ ಟೀಚರ್," ಅಂದಳು ಅಮ್ಮ. ಅವಳ ಕಣ್ಣು ಒದ್ದೆಯಾಗಿತ್ತು. ಟೀಚರ್ ನನ್ನ ಕೆನ್ನೆ ಹಿಂಡಿ, "ಕಲಕ್ಕಿ ಮೋಳೇ," ಅಂದರು, ಅಂದರೆ ಜಮಾಯಿಸಿಬಿಟ್ಟೆ ಅಂತ.

ಆಗ ಹೇಳಬೇಕಿತ್ತು. ಒಂದೇ ವಾಕ್ಯ. ನಾನು ಹೇಳಲಿಲ್ಲ.

ಸಂಜೆ ಅಮ್ಮ ಕನ್ನಡಕ ಹಾಕಿಕೊಂಡು ಹಾಡಿನ ಕೆಳಗಿನ ಅಕ್ಷರಗಳನ್ನು ಓದುತ್ತ ಕೂತಳು. ಅಲ್ಲಿ ಗಾಯಕಿಯ ಹೆಸರಿತ್ತು. ಅಮ್ಮ ಸಿಡಿದೆದ್ದಳು. "ಇದೆಂತ ಅನ್ಯಾಯ? ಹಾಡಿದ್ದು ನೀನು, ಹೆಸರು ಅವಳದ್ದಾ? ಕಳ್ಳರು. ನಾನು ಪತ್ರ ಬರೀತೇನೆ ಅವರಿಗೆ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಅದಕ್ಕಿಂತ ಕಡೆ. "ಬಿಡಮ್ಮ, ಹೊಸಬರಿಗೆ ಹೀಗೇ. ಎಲ್ಲ ಕಡೆ ನಡೆಯುವುದೇ," ಅಂದೆ. ಸುಮ್ಮನಿದ್ದದ್ದು ಒಂದು ತಪ್ಪು, ಇದು ಸುಳ್ಳು. ಆ ಹೊತ್ತಿಗೆ ನಾನು ಎರಡನ್ನೂ ಮಾಡಿದ್ದೆ.

ಅಪ್ಪನಿಗೆ ಹಾಡು ಕೇಳಿದಾಗಲೇ ಗೊತ್ತಾಗಿತ್ತು. ಮರುದಿನ ಬಸ್‌ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದರು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಹೇಳ್ತಾರೆ. ಆದ್ರೆ ನಿನ್ನಮ್ಮ ಬೇರೆಯವರ ಹೆಗ್ಗಣವನ್ನು ಮುದ್ದು ಮಾಡ್ತಾ ಇದ್ದಾಳೆ," ಅಂದರು. ನನಗೆ ನಗು ಬರಲಿಲ್ಲ. "ಅದು ನಿನ್ನ ಸ್ವರ ಅಲ್ಲ ಅಂತ ನೀನೇ ಹೇಳ್ಬೇಕು. ನಾನು ಹೇಳುದಿಲ್ಲ. ಬೇರೆ ಯಾರ ಬಾಯಿಂದಾದ್ರೂ ಗೊತ್ತಾದ್ರೆ ಅವಳು ಮತ್ತೆ ನಿನ್ನ ಯಾವ ಮಾತನ್ನೂ ನಂಬುದಿಲ್ಲ."

ನಾಳೆ ಹೇಳುತ್ತೇನೆ ಅಂದೆ. ನಾಳೆ ಎನ್ನುವುದು ನಾಲ್ಕು ವರ್ಷವಾಯಿತು.

ಆ ನಾಲ್ಕು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಟ್ರ್ಯಾಕ್ ಹಾಡಿದೆ. ಬಹಳಷ್ಟು ಅದೇ ಗಾಯಕಿಗೆ, ಆದ್ದರಿಂದ ಅಮ್ಮನಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಅವಳ ಫೋನಿನ ರಿಂಗ್‌ಟೋನ್ ಕೂಡ ಅದೇ ಮೊದಲ ಹಾಡು. ಕಾಸರಗೋಡಿನಲ್ಲಿ ನೆಂಟರ ಮದುವೆಗೆ ಹೋದಾಗ ಆ ಹಾಡು ಹಾಡೆಂದು ಹತ್ತು ಜನ ಸುತ್ತುಗಟ್ಟಿದರು. ಗಂಟಲು ನೋವು ಎಂದೆ. ಅತ್ತೆ ಕರಿಮೆಣಸಿನ ಕಷಾಯ ಮಾಡಿ ತಂದರು. ಒಂದು ಲೋಟ ಕುಡಿಸಿ, ಇನ್ನೊಂದು ಲೋಟ ಕುಡಿಸಿದರು. ನಾಲಗೆ ಸುಟ್ಟುಕೊಂಡು ಕೂತಿದ್ದೆ, ಸರಿಯಾದ ಶಾಸ್ತಿಯೇ ಆಗಿತ್ತು.

ನನ್ನದೇ ಹಾಡು ಬರೆಯಲು ಶುರುಮಾಡಿದ್ದು ಈ ಟ್ರ್ಯಾಕುಗಳಿಂದಲೇ. ಡಬ್ಬಿಂಗಿಗೆ ಬರುತ್ತಿದ್ದ ಕನ್ನಡ ಸಾಲುಗಳು ಎಷ್ಟೋ ಸಲ ಬಾಯಿಗೆ ಸಿಕ್ಕಿಹಾಕಿಕೊಳ್ಳುತ್ತಿದ್ದವು. ನಾನು ತಿದ್ದಿ ಕೊಡುತ್ತಿದ್ದೆ. ತಿದ್ದುವುದಕ್ಕಿಂತ ಬರೆಯುವುದೇ ಸುಲಭ ಅನಿಸಿತು. ಶನಿವಾರದ ಟ್ರೇನಿನಲ್ಲಿ ನಾಲ್ಕು ಗಂಟೆ ಬೇರೆ ಕೆಲಸವೂ ಇರುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಮಾತಾಡುವ ಕನ್ನಡದಲ್ಲೇ ಬರೆದೆ, ನನಗೆ ಬರುತ್ತಿದ್ದದ್ದು ಅದೊಂದೇ. ಕಳಕ್ಕೂಟಂನ ಹಾಸ್ಟೆಲಿನ ಹುಡುಗಿಯರು ಬಾಲ್ಕನಿಯಲ್ಲಿ ನಿಂತು ಊರಿಗೆ ಫೋನ್ ಮಾಡಿ ಇವತ್ತೇನು ಅಡುಗೆ ಎಂದು ಕೇಳುವುದರ ಬಗ್ಗೆ ಒಂದು ಹಾಡು. ವಿಳಿಂಜಂನಲ್ಲಿ ಮೀನು ದೋಣಿಗಳ ಹಿಂದೆ ಎದ್ದುನಿಂತ ಹೊಸ ಬಂದರಿನ ಕ್ರೇನುಗಳ ಬಗ್ಗೆ ಇನ್ನೊಂದು. ಅಮ್ಮ ಹೆಂಗಸರ ಅಳತೆ ತೆಗೆಯುವಾಗ ಅವರು ಹೇಳಿಕೊಳ್ಳುವ ಸಂಗತಿಗಳ ಬಗ್ಗೆ ಮತ್ತೊಂದು. ಎರಡು ವರ್ಷದಲ್ಲಿ ಎಂಟಾದವು.

ಕಾಲೇಜಿನಲ್ಲಿ ಕಲಿತಿದ್ದ ಗಿಟಾರಿನಲ್ಲಿ ನುಡಿಸಿ ಚೇಟ್ಟನಿಗೆ ತೋರಿಸಿದೆ. "ಭಾನುವಾರ ಬೆಳಿಗ್ಗೆ ಸ್ಟುಡಿಯೋ ಖಾಲಿ. ಬಂದು ಮಾಡು," ಅಂದರು. ಅವರೇ ವಾದ್ಯಗಳನ್ನು ಸೇರಿಸಿ ಸಂಗೀತ ತಯಾರು ಮಾಡಿದರು. ನಾನು ಎರಡು ಭಾನುವಾರದಲ್ಲಿ ಎಂಟೂ ಹಾಡು ಹಾಡಿ ಮುಗಿಸಿದೆ. ಒಂದು ಸ್ವರವೂ ತಪ್ಪಿರಲಿಲ್ಲ. ಗಾಜಿನ ಕೋಣೆಯಿಂದ ಹೊರಗೆ ಬಂದು ಹೊಗಳಿಕೆಗೆ ಕಾದು ನಿಂತೆ.

ಚೇಟ್ಟ ಎಂಟನ್ನೂ ಕೇಳಿಸಿಕೊಂಡರು. ಆಮೇಲೆ ತುಂಬ ಸಹಜವಾಗಿ ಕೇಳಿದರು, "ಟ್ರ್ಯಾಕ್ ಚೆನ್ನಾಗಿದೆ. ಯಾರಿಗೆ ಕಳಿಸಬೇಕು? ಮುಖ್ಯ ದನಿ ಯಾರದ್ದು?"

ಅವರು ತಮಾಷೆ ಮಾಡುತ್ತಿರಲಿಲ್ಲ. ಅದು ನನ್ನ ಆಲ್ಬಮ್, ನಾನೇ ಹಾಡುವುದು ಅಂತ ಹೇಳಿದ್ದು ಅವರಿಗೆ ಮರೆತೇಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ಅಂದೆ, ಬ್ಯಾಗು ತೆಗೆದುಕೊಂಡು ಹೊರಟೆ. ಟ್ರೇನಿನಲ್ಲಿ ಕೂತು ಹೆಡ್‌ಫೋನಿನಲ್ಲಿ ಕೇಳಿದೆ. ಕೊಲ್ಲಂ ಬರುವಷ್ಟರಲ್ಲಿ ಒಪ್ಪಿಕೊಂಡೆ, ಅವರು ಹೇಳಿದ್ದು ಸರಿ. ಅಕ್ಷರ ಸರಿ, ಸ್ವರ ಸರಿ, ಉಸಿರು ಸರಿ. ಬರುವವರಿಗಾಗಿ ಗುಡಿಸಿ ಒರೆಸಿ ಇಟ್ಟ ಮನೆಯ ಹಾಗೆ ಇತ್ತು. ವಾಸಕ್ಕೆ ಯಾರೂ ಇರಲಿಲ್ಲ. ನನ್ನದೇ ಹಾಡಿನಲ್ಲೂ ನಾನು ಬೇರೆಯವರಿಗೆ ಜಾಗ ಬಿಟ್ಟಿದ್ದೆ.

ಅದೇ ವಾರ ಬೆಂಗಳೂರಿನ ಒಂದು ಸಣ್ಣ ಆಡಿಯೋ ಕಂಪನಿಯವರ ಫೋನ್ ಬಂತು. ಚೇಟ್ಟ ಅವರಿಗೆ ಎರಡು ಹಾಡು ಕೇಳಿಸಿದ್ದರಂತೆ. ಹಾಡುಗಳು ಇಷ್ಟವಾಗಿವೆ, ಆದರೆ ಜನಕ್ಕೆ ಗೊತ್ತಿರುವ ದನಿ ಬೇಕು, ಹಾಗಾದರೆ ನಾವೇ ಹೊರತರುತ್ತೇವೆ ಅಂದರು. ಅವರು ಹೇಳಿದ ಹೆಸರು ಅದೇ ಗಾಯಕಿಯದು. "ನಿಮ್ಮ ಟ್ರ್ಯಾಕ್ ಅಂದ್ರೆ ಅವರಿಗೆ ತುಂಬ ಇಷ್ಟ ಮೇಡಂ. ಕಣ್ಮುಚ್ಚಿ ಹಾಡ್ತಾರಂತೆ," ಅಂದ ಆ ಕಡೆಯವನು.

ಸುಳ್ಳು ಹೇಳುವುದಿಲ್ಲ, ನಾನು ಮೊದಲು ಯೋಚಿಸಿದ್ದು ಅಮ್ಮನ ಬಗ್ಗೆ. ಅವರು ಹಾಡಿದರೆ ಅಮ್ಮನಿಗೆ ಎಂದೂ ಗೊತ್ತಾಗುವುದಿಲ್ಲ. ಅದೇ ದನಿ, ಈ ಸಲ ಮುಖಪುಟದಲ್ಲಿ ಬರೆದವಳೆಂದು ನನ್ನ ಹೆಸರೂ ಇರುತ್ತದೆ. ಓಣಿಯವರೆಲ್ಲ ಅಂತೂ ಹೆಸರು ಹಾಕಿದರಲ್ಲ ಎಂದು ಸಂತೋಷಪಡುತ್ತಾರೆ. ನಾನು ಹಾಡಿದರೆ ಮೊದಲ ಹಾಡಿಗೇ ಸಿಕ್ಕಿಬೀಳುತ್ತೇನೆ. ಅಮ್ಮ ಆ ಹನ್ನೊಂದು ಮನೆಯವರ ಮುಂದೆ ತಲೆ ಎತ್ತುವುದು ಹೇಗೆ? ಅಪ್ಪನಿಗೆ ಹೇಳಲಿಲ್ಲ. ಒಪ್ಪಿಗೆ ಎಂದು ಬರೆದು, ಅಳತೆಯ ಹಾಡಿನ ಟ್ರ್ಯಾಕನ್ನು ಕಳಿಸಿಬಿಟ್ಟೆ.

ಹತ್ತು ದಿನದಲ್ಲಿ ಅವರು ಹಾಡಿದ್ದು ಬಂತು. ಕಳಕ್ಕೂಟಂನ ಬಸ್‌ಸ್ಟಾಪಿನಲ್ಲಿ ನಿಂತು ಕೇಳಿದೆ. ಹಾಡು ಅದ್ಭುತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆ ಹಾಡಿನಲ್ಲಿ ಒಬ್ಬ ಹೆಂಗಸು, ಎಡಗಡೆ ಸ್ತನ ತೆಗೆದ ಮೇಲೆ ಮೊದಲ ಸಲ ರವಿಕೆ ಹೊಲಿಸಲು ಬಂದು ಅಳತೆ ಕೊಡುತ್ತಾಳೆ. ಅಂಥ ಒಬ್ಬರು ನಮ್ಮ ಮನೆಗೆ ಬಂದಿದ್ದರು. ಅಮ್ಮ ಏನೂ ಕೇಳದೆ, ಟೇಪು ಹಿಡಿದು, "ಒಳಗಿಂದ ಒಂದು ಮಡಿಕೆ ಜಾಸ್ತಿ ಕೊಡ್ತೇನೆ, ಸರಿಯಾಗ್ತದೆ," ಅಂದಿದ್ದಳು. ನಾನು ಪಕ್ಕದಲ್ಲಿ ಹುಕ್ಕು ಹೊಲಿಯುತ್ತ ಕೂತಿದ್ದೆ. ಆ ಸಾಲು ಹಾಗೆಯೇ ಹಾಡಿನಲ್ಲಿದೆ. ಗಾಯಕಿ ಆ ಸಾಲನ್ನು ಪ್ರೇಮಗೀತೆಯ ಹಾಗೆ ಹಾಡಿದ್ದರು. ತಪ್ಪು ಅವರದಲ್ಲ. ಅಲ್ಲಿ ಏನಿದೆ ಎಂದು ನನ್ನ ಟ್ರ್ಯಾಕಿನಲ್ಲಿ ಇರಲೇ ಇಲ್ಲವಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?

ಎರಡು ಬಸ್ಸು ಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಲ್ಲಿಂದಲೇ ಕಂಪನಿಗೆ ಫೋನ್ ಮಾಡಿ ಬೇಡ ಅಂದೆ. ಆ ಕಡೆಯವನು ಕೋಪಿಸಿಕೊಂಡ, ನಾನೂ ಸುಮ್ಮನಿರಲಿಲ್ಲ. ನಂತರ ಚೇಟ್ಟನಿಗೆ ಫೋನ್ ಮಾಡಿ, "ಮುಖ್ಯ ದನಿ ನನ್ನದು. ಮೊದಲಿಂದ ಹಾಡುತ್ತೇನೆ," ಅಂದೆ.

ಅದೂ ಸಲೀಸಾಗಿ ಆಗಲಿಲ್ಲ. ಹೆಡ್‌ಫೋನ್ ಹಾಕಿದ ತಕ್ಷಣ ನಾನು ಮತ್ತೆ ಟ್ರ್ಯಾಕ್ ಹಾಡುವವಳಾಗುತ್ತಿದ್ದೆ. ಮೂರು ಭಾನುವಾರ ಹಾಳಾಯಿತು. ನಾಲ್ಕನೆಯದರಲ್ಲಿ ಚೇಟ್ಟ ತಾವು ಮಾಡಿದ ಸಂಗೀತವನ್ನೆಲ್ಲ ತೆಗೆದುಹಾಕಿದರು. ತಾಳ ಕೊಡುವ ಟಿಕ್‌ಟಿಕ್ ಸದ್ದನ್ನೂ ತೆಗೆದರು. "ಇಷ್ಟು ವರ್ಷ ಸಂಗೀತ ಮೊದಲು, ನೀನು ಹಿಂದೆ. ಈಗ ನೀನು ಮೊದಲು ಹಾಡು. ನಾವು ನಿನ್ನ ಹಿಂದೆ ಬರುತ್ತೇವೆ," ಅಂದರು. ಅನುಸರಿಸಲು ಏನೂ ಇಲ್ಲದೆ ನಿಂತಾಗ ಭಯವಾಯಿತು. ನನ್ನ ದನಿ ಎಷ್ಟು ದಪ್ಪ ಎಂದು ಆ ಮೌನದಲ್ಲಿ ಮೊದಲ ಸಲ ಸರಿಯಾಗಿ ಕೇಳಿಸಿತು. ಅಳತೆಯ ಹಾಡಿನ ಆ ಸಾಲಿಗೆ ಬಂದಾಗ ದನಿ ನಡುಗಿತು, ಉಸಿರು ಎಲ್ಲೆಂದರಲ್ಲಿ ಬಂತು. ಮತ್ತೊಮ್ಮೆ ಹಾಡಲಾ ಎಂದು ಕೇಳಿದೆ. ಚೇಟ್ಟ ಗಾಜಿನ ಆಚೆಯಿಂದ ಬೇಡವೆಂದು ತಲೆಯಾಡಿಸಿದರು. ಉಳಿದವಕ್ಕೆ ಇನ್ನೂ ಐದು ಭಾನುವಾರ ಬೇಕಾಯಿತು, ಆದರೆ ದಾರಿ ಸಿಕ್ಕಿತ್ತು.

ಆಲ್ಬಮ್ ನಾವೇ ಇಂಟರ್ನೆಟ್ಟಿಗೆ ಹಾಕಿದೆವು. ಆ ದಿನ ರಜೆ ಹಾಕಿ ಮನೆಯಲ್ಲಿದ್ದೆ. ಅಪ್ಪ ಡ್ಯೂಟಿಗೆ ಹೊರಡುವ ಮೊದಲು ನನ್ನ ಮುಖ ನೋಡಿ, "ಇವತ್ತಾ?" ಅಂದರು. ಹೌದೆಂದೆ. "ಒಳ್ಳೇದು," ಅಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಅಮ್ಮ ಮಿಷನ್ ತುಳಿಯುತ್ತಿದ್ದಳು. ಎದುರು ಸಣ್ಣ ಸ್ಪೀಕರ್ ಇಟ್ಟು ಅಳತೆಯ ಹಾಡು ಹಾಕಿದೆ. ಅಮ್ಮ ಕೇಳುತ್ತ ಹೊಲಿಯುತ್ತಿದ್ದಳು, ಕಾಲು ನಿಲ್ಲಲಿಲ್ಲ. ಅರ್ಧ ಹಾಡಿಗೆ ತಲೆ ಎತ್ತಿದಳು.

"ಇದು ಯಾರು?"

"ಯಾಕೆ?"

"ಬರೆದದ್ದು ನೀನು ಅಂತ ಗೊತ್ತಾಗ್ತದೆ, ಆ ಹೆಂಗಸಿನ ಸಂಗತಿ ನಮಗೆ ಮಾತ್ರ ಗೊತ್ತಿರುದು. ಆದ್ರೆ ಹಾಡಿದ್ದು ಯಾರು? ನಿನ್ನ ಹಾಡು ನೀನೇ ಹಾಡಬಹುದಿತ್ತಲ್ಲ ಮಾರಾಯ್ತಿ? ಅಷ್ಟು ಚಂದದ ಸ್ವರ ಇಟ್ಟುಕೊಂಡು ಬೇರೆಯವರಿಗೆ ಯಾಕೆ ಕೊಟ್ಟದ್ದು?"

ಇಷ್ಟು ವರ್ಷ ಅಭ್ಯಾಸ ಮಾಡಿಟ್ಟುಕೊಂಡಿದ್ದ ಮಾತೊಂದೂ ನೆನಪಾಗಲಿಲ್ಲ. "ಅಮ್ಮ, ಇದೇ ನಾನು. ಆ ಮೊದಲಿನದು ಯಾವುದೂ ನಾನಲ್ಲ," ಅಂದೆ. ಟ್ರ್ಯಾಕ್ ಅಂದರೇನು, ಹೇಗೆ ಅಳಿಸುತ್ತಾರೆ, ಎಲ್ಲ ಹೇಳಿದೆ. ಕೊನೆಗೆ ಅಮ್ಮ ಇಷ್ಟೇ ಕೇಳಿದಳು, "ಅಪ್ಪನಿಗೆ ಗೊತ್ತುಂಟಾ?"

"ಹ್ಞೂಂ."

ಸ್ಪೀಕರನ್ನು ಅವಳೇ ಆರಿಸಿದಳು. ಎರಡು ದಿನ ನನ್ನೊಡನೆಯೂ ಮಾತಿಲ್ಲ, ಅಪ್ಪನೊಡನೆಯೂ ಇಲ್ಲ. ಅನ್ನ ಸಾರು ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ತಟ್ಟೆಯನ್ನು ಮೇಜಿನ ಮೇಲೆ ಇಡುವ ಸದ್ದು ಮಾತ್ರ ದೊಡ್ಡದು. ಅವಳ ಫೋನ್ ಬಡಿದುಕೊಂಡಾಗ ಗಮನಿಸಿದೆ, ರಿಂಗ್‌ಟೋನ್ ಇರಲಿಲ್ಲ, ಬರೀ ಟ್ರಿಣ್ ಟ್ರಿಣ್ ಎನ್ನುವ ಸದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗದೆ ಒಂದು ಸಲ ಬಚ್ಚಲಲ್ಲಿ ನಿಂತು ಅತ್ತೆ.

ಮೂರನೆಯ ದಿನ ಸಂಜೆ ನಾಲ್ಕು ಗಂಟೆಗೆ ಅಮ್ಮ ಮುಖ ತೊಳೆದು, ಹೊರಗೆ ಹೋಗುವಾಗ ಉಡುವ ಸೀರೆ ಉಟ್ಟು ಬಂದಳು. ಫೋನನ್ನು ನನ್ನ ಮುಂದೆ ಹಿಡಿದಳು.

"ಆ ಹಾಡು ಇದರಲ್ಲಿ ಹೇಗೆ ಹಾಕುದು, ತೋರಿಸು."

ತೋರಿಸಿದೆ. ಎರಡು ಸಲ ತಾನೇ ಹಾಕಿ, ನಿಲ್ಲಿಸಿ ನೋಡಿಕೊಂಡಳು. "ನಡಿ," ಅಂದಳು.

"ಎಲ್ಲಿಗೆ?"

"ನೀನು ನನಗೊಬ್ಬಳಿಗೆ ಹೇಳಿದ ಸುಳ್ಳನ್ನು ನಾನು ಓಣಿ ಇಡೀ ಹಂಚಿದ್ದೇನೆ. ಹಂಚಿದವಳೇ ಹೋಗಿ ವಾಪಸು ತರ್ಬೇಕಲ್ಲ?"

ಮೊದಲು ಎದುರು ಮನೆಯ ಟೀಚರ್. ಅಮ್ಮ ಒಳಗೆ ಕೂರಲೂ ಇಲ್ಲ. ನಿಂತುಕೊಂಡೇ, ಇಷ್ಟು ವರ್ಷವಾದರೂ ಕಾಸರಗೋಡಿನ ವಾಸನೆ ಬಿಡದ ತನ್ನ ಮಲಯಾಳದಲ್ಲಿ ಹೇಳಿದಳು: ಆವತ್ತು ನಿಮ್ಮನ್ನು ಕರೆದು ಕೇಳಿಸಿದ್ದು ನನ್ನ ಮಗಳು ಹಾಡಿದ್ದಲ್ಲ, ನಾನು ತಿಳಿಯದೆ ಹೇಳಿದೆ, ತಪ್ಪಾಯಿತು. ನಾನು ಅವಳ ಹಿಂದೆ ನೆಲ ನೋಡುತ್ತ ನಿಂತಿದ್ದೆ. ಟೀಚರಿಗೆ ಗಲಿಬಿಲಿಯಾಯಿತು. "ಅಯ್ಯೋ, ಅದಕ್ಕೇನಂತೆ, ಇರಲಿ ಬಿಡಿ," ಅಂದರು.

"ಇಲ್ಲ, ಬಿಡುವುದಲ್ಲ. ಇದು ಕೇಳಿ," ಎಂದು ಅಮ್ಮ ಫೋನ್ ಮುಂದೆ ಹಿಡಿದು ಹಾಡು ಹಾಕಿದಳು. ಹಾಡು ಮುಗಿಯುವವರೆಗೂ ಕೈ ಇಳಿಸಲಿಲ್ಲ. ಟೀಚರಿಗೆ ಕನ್ನಡ ಬಾರದು, ಆದರೂ ತಲೆಬಾಗಿ ಕೇಳಿದರು. ಅವರು ನಲವತ್ತು ವರ್ಷ ಮಕ್ಕಳಿಗೆ ಮಾರ್ಕು ಹಾಕಿದವರು, ಸುಮ್ಮನೆ ಹೊಗಳುವುದು ಅವರ ಜಾಯಮಾನವಲ್ಲ.

"ಚೆನ್ನಾಗಿದೆ," ಅಂದರು. "ಆದರೆ ಬೇಜಾರು ಮಾಡಿಕೊಳ್ಳಬೇಡಿ, ಆ ಮೊದಲಿನ ದನಿ ಇದಕ್ಕಿಂತ ಸಿಹಿಯಾಗಿತ್ತು."

"ಹೌದು ಟೀಚರ್, ಸಿಹಿಯಾಗಿತ್ತು," ಅಂದಳು ಅಮ್ಮ. "ಆದರೆ ಅವಳು ಬೇರೆ ಯಾರದೋ ಮಗಳು."

ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡಳು. ನಾನು ಅಲ್ಲೇ ನಿಂತಿದ್ದೆ. "ನಿಂತದ್ದೆಂತ? ಬಾ," ಅಂದಳು ಕನ್ನಡದಲ್ಲಿ. "ಇನ್ನು ಹತ್ತು ಮನೆ ಉಂಟು."